ಹಿಂದಿನ ಸೀಟಿಗೆ ಓದಿ ಹೇಳಿದ್ದು

ಭಾನುವಾರ, ಫೆಬ್ರವರಿ ೧೭
ಮಧ್ಯಾಹ್ನ ಎರಡೂವರೆ

ಪ್ರೀತಿಯ ಗುಬ್ಬಿ,

ನೀನೂ ಮನೆಯವರೂ ಸುಖವಾಗಿದ್ದೀರೆಂದು ನಂಬುತ್ತೇನೆ. ನಿನ್ನ ಎರಡು ಪತ್ರಗಳು ಬಂದು ನನ್ನ ಹೊಲಿಗೆ ಪೆಟ್ಟಿಗೆಯ ಮೇಲೆ ಕೂತು ತಿಂಗಳ ಮೇಲಾಯಿತು. ಎರಡನೆಯದರಲ್ಲಿ ನೀನು ‘ಸತ್ತಿದ್ದರೆ ಹಾಗಂತಾದರೂ ಒಂದು ಸಾಲು ಬರಿ’ ಎಂದಿದ್ದೀಯ. ಸತ್ತಿಲ್ಲ. ತಡವಾದದ್ದಕ್ಕೆ ಕೈನೋವು, ಮನೆಗೆ ಬಣ್ಣ ಹೊಡೆಸಿದ್ದು, ನೆಂಟರು ಬಂದದ್ದು ಎಂದು ಮೂರು ನೆಪ ಹೊಂದಿಸಿಕೊಂಡಿದ್ದೆ. ಬರೆಯಲು ಕೂತಾಗ ಒಂದೂ ಬೇಡವೆನಿಸಿತು. ಹೊಟ್ಟೆಗೆ ಹಾಕಿಕೋ.

ಅಕ್ಷರ ನೋಡಿ ನಗುತ್ತಿರುತ್ತೀಯ. ಹಾಸ್ಟೆಲಿನಲ್ಲಿ ಇಡೀ ಕೋಣೆಯ ಅರ್ಜಿಗಳನ್ನೆಲ್ಲ ಮುತ್ತಿನಂಥ ಅಕ್ಷರದಲ್ಲಿ ಬರೆದುಕೊಟ್ಟವಳು ಈಗ ಒಂದನೇ ಕ್ಲಾಸಿನ ಮಗುವಿನ ಹಾಗೆ ಬೆರಳು ದಪ್ಪದ ಅಕ್ಷರ ಬರೆಯುತ್ತಿದ್ದಾಳೆ. ಪೆಟ್ಟಿಗೆಗಳ ಮೇಲೆ ವಿಳಾಸ ಬರೆಯುವ ದಪ್ಪ ಕರಿ ಪೆನ್ನು ಇದು. ಸಾಲು ಓರೆಯಾದರೆ, ಒಂದು ಸಾಲಿನ ಮೇಲೆ ಇನ್ನೊಂದು ಏರಿದ್ದರೆ, ನೀನೇ ಬಿಡಿಸಿಕೊಂಡು ಓದು. ಮೂವತ್ತೊಂದು ವರ್ಷ ಮುದ್ರಣಾಲಯದಲ್ಲಿ ಕರಡು ತಿದ್ದಿದವಳಿಗೆ ತನ್ನ ಪತ್ರವನ್ನು ಇನ್ನೊಮ್ಮೆ ಓದಿ ತಿದ್ದಲು ಆಗುತ್ತಿಲ್ಲ. ನನ್ನ ಕಣ್ಣು ಹೋಗುತ್ತಿದೆ, ಗುಬ್ಬಿ.

ನಿನಗೆ ಬಿಟ್ಟು ಬೇರೆ ಯಾರಿಗೂ ಹೇಳಿಲ್ಲ. ಇವರಿಗೂ ಹೇಳಿಲ್ಲ. ಅದೇ ಈ ಪತ್ರದ ಸಂಕಟ.

ಒಂದು ವರ್ಷದ ಹಿಂದೆ ಶುರುವಾಯಿತು. ಮೊದಲು ಕನ್ನಡಕದ ತಪ್ಪೆಂದುಕೊಂಡೆ, ಆಮೇಲೆ ಬಲ್ಬಿನ ತಪ್ಪೆಂದುಕೊಂಡೆ. ನೇರವಾಗಿ ಏನನ್ನು ನೋಡಿದರೂ ನಟ್ಟನಡುವೆ ಒಂದು ಬೂದು ಕಲೆ. ಅಂಚು ಕಾಣುತ್ತದೆ, ನಡು ಕಾಣುವುದಿಲ್ಲ. ಯಾರಾದರೂ ಎದುರಿಗೆ ನಿಂತರೆ ಅವರ ಕಿವಿ ಇದೆ, ಕೂದಲಿದೆ, ಕಣ್ಣುಮೂಗು ಮಾತ್ರ ಒರೆಸಿ ಹಾಕಿದ ಹಾಗಿದೆ. ಹಲ್ಲುನೋವೆಂದು ಇವರಿಗೆ ಸುಳ್ಳು ಹೇಳಿ ಒಬ್ಬಳೇ ಕಣ್ಣಾಸ್ಪತ್ರೆಗೆ ಹೋದೆ. ಡಾಕ್ಟರು ಚಿಕ್ಕ ಹುಡುಗಿ, ಮಾತು ಮೆತ್ತಗೆ. ಕಣ್ಣಿನ ಹಿಂದಿನ ಪರದೆಯ ನಡುಭಾಗ ಸವೆದಿದೆಯಂತೆ, ಸೂಜಿ ಹಾಕುವ ಕಾಲ ದಾಟಿದೆಯಂತೆ. “ಇನ್ನೊಂದು ವರ್ಷ, ಹೆಚ್ಚೂಂದ್ರೆ ಒಂದೂವರೆ. ಅಂಚಲ್ಲಿ ಸ್ವಲ್ಪ ಉಳಿಯುತ್ತೆ ಅಮ್ಮಾ. ಓದೋದು, ಮುಖ ಗುರುತು ಹಿಡಿಯೋದು ಆಗಲ್ಲ,” ಎಂದಳು. ಆಮೇಲೆ, “ಮುಂದಿನ ಸಲ ಮನೆಯವರನ್ನ ಕರ್ಕೊಂಡು ಬನ್ನಿ, ಅವರಿಗೂ ತಿಳಿಸಿ ಹೇಳ್ತೀನಿ,” ಎಂದಳು. ನಾನು, “ಮನೆಯವರಿದಾರೆ, ಅವರಿಗೆ ಕಣ್ಣೇ ಇಲ್ಲ,” ಎಂದೆ. ಆ ಹುಡುಗಿ ತಲೆ ತಗ್ಗಿಸಿ ಚೀಟಿಯ ಮೇಲೆ ಬಹಳ ಹೊತ್ತು ಏನೋ ಬರೆಯುತ್ತಾ ಕೂತಳು.

ಇವರ ವಿಷಯ ನಿನಗೆ ಗೊತ್ತಿದ್ದದ್ದೇ. ಬ್ಯಾಟರಿ ಅಂಗಡಿಯಲ್ಲಿ ಆಸಿಡ್ ಸಿಡಿದಾಗ ಮೂವತ್ತೊಂದು ವರ್ಷ, ಈಗ ಅರವತ್ತಮೂರು. ಈಗಲೂ ದಿನಾ ಸೈಕಲ್ ಅಂಗಡಿ ತೆರೆಯುತ್ತಾರೆ. ಚಕ್ರದ ಡೊಂಕು ತೆಗೆಯುವುದರಲ್ಲಿ ಈ ಊರಿನಲ್ಲಿ ಇವರ ಸಮ ಯಾರೂ ಇಲ್ಲ. ಕಡ್ಡಿಯನ್ನು ಉಗುರಿನಿಂದ ಮೀಟಿ, ಕಿವಿಗೊಟ್ಟು, ಯಾವುದು ಸಡಿಲ ಯಾವುದು ಬಿಗಿ ಎಂದು ಹೇಳುತ್ತಾರೆ. ಹಳೆ ಟ್ಯೂಬನ್ನು ಹೊಸದೆಂದು ಹೇಳಿ ತಂದ ಗಿರಾಕಿಗೆ ‘ಸರಿ’ ಎಂದಷ್ಟೇ ಹೇಳಿ ವಾಪಸು ಕೊಡುತ್ತಾರೆ. ಆ ‘ಸರಿ’ ಕೇಳಿದವನು ಎರಡನೇ ಸಲ ಆ ಸುಳ್ಳು ಹೇಳುವುದಿಲ್ಲ.

ನಮ್ಮ ಜೋಡಿ ಸೈಕಲ್ಲನ್ನು ನೀನು ನೋಡಿಲ್ಲ. ಎರಡು ಹಳೆ ಸೈಕಲ್ಲುಗಳನ್ನು ಕೊಯ್ದು, ವೆಲ್ಡಿಂಗ್ ಅಂಗಡಿಯವನಿಂದ ಒಂದಾಗಿ ಬೆಸೆಸಿ, ಇವರೇ ಕೂಡಿಸಿದ್ದು. ಎರಡು ಸೀಟು, ಎರಡು ಜೊತೆ ಪೆಡಲು. ಮುಂದೆ ನಾನು, ಹ್ಯಾಂಡಲು, ಬ್ರೇಕು, ಗಂಟೆ ನನ್ನವು. ಹಿಂದೆ ಇವರು, ಬಲವೆಲ್ಲ ಇವರದು. ವರ್ಷಕ್ಕೊಮ್ಮೆ ಫೆಬ್ರವರಿಯಲ್ಲಿ ಅಂಗಡಿ ಮುಚ್ಚಿ ಹಳ್ಳಿಗಳ ಕಡೆ ಒಂದು ದಿನದ ಸುತ್ತು ಹೊರಡುತ್ತೇವೆ. ರೈಲ್ವೆ ಗೇಟಿನ ಚಹಾ, ದ್ರಾಕ್ಷಿ ತೋಟದ ರಸ, ಕೆರೆ ಏರಿ, ರೊಟ್ಟಿ ಒಲೆಯ ಮನೆಯಲ್ಲಿ ಊಟ, ಮತ್ತೆ ಬೇರೆ ದಾರಿಯಿಂದ ಮನೆ. ನಲವತ್ತು ಕಿಲೋಮೀಟರಿಗೆ ಸ್ವಲ್ಪ ಕಡಿಮೆ. ಇಪ್ಪತ್ತಾರು ವರ್ಷದಲ್ಲಿ ಒಂದು ವರ್ಷವೂ ತಪ್ಪಿಲ್ಲ.

ದಾರಿಯುದ್ದಕ್ಕೂ ಕಂಡದ್ದನ್ನು ನಾನು ಹೇಳಬೇಕು. ಅದಕ್ಕೆ ನಮ್ಮಿಬ್ಬರಲ್ಲಿ ‘ಓದು’ ಎಂದು ಹೆಸರು. ಏರು ಹತ್ತಿ ಗಾಳಿ ತಣ್ಣಗಾದ ಕೂಡಲೇ ಹಿಂದಿನಿಂದ, “ಎಲ್ಲಿ ಮೇಷ್ಟ್ರಮ್ಮ, ಓದು ನೋಡೋಣ,” ಎನ್ನುತ್ತಾರೆ. ಮೊದಲ ವರ್ಷವೇ ಒಂದು ಷರತ್ತು ಹಾಕಿದ್ದರು. “ಇದ್ದದ್ದನ್ನ ಇದ್ದ ಹಾಗೆ ಓದಬೇಕು. ನೀನು ಕರಡು ತಿದ್ದೋಳು. ಬರೆದೋನು ಬಿಟ್ಟಿದ್ದನ್ನ ಸೇರಿಸೋ ಹಕ್ಕು ನಿನಗಿಲ್ಲ.” ಅದು ನಮ್ಮ ಕಸುಬಿನ ಮಾತೇ. ಬರೆದವನ ಸಾಲು ಎಷ್ಟೇ ಸಪ್ಪೆಯಾಗಿದ್ದರೂ ನಾವು ಒಂದು ಪದ ಕೂಡಿಸುವ ಹಾಗಿಲ್ಲ. ಅನುಮಾನ ಬಂದ ಕಡೆ ಅಂಚಿನಲ್ಲಿ ಪ್ರಶ್ನೆ ಚಿಹ್ನೆ ಹಾಕಿ ಸುಮ್ಮನಿರಬೇಕು. ನಾನೂ ಹಾಗೇ ಓದಿದೆ. ಸತ್ತ ನಾಯಿ ಬಿದ್ದಿದ್ದರೆ ಸತ್ತ ನಾಯಿ ಎಂದೆ. ಕಸದ ಗುಡ್ಡೆಗೆ ಕಸದ ಗುಡ್ಡೆ ಎಂದೆ. ಬೆಳ್ಳಕ್ಕಿ ಐದಿದ್ದರೆ ಐದು, ಆರಲ್ಲ. ಗುಬ್ಬಿ, ಇದನ್ನು ನೀನು ನಂಬಬೇಕು. ಇನ್ನು ಮುಂದೆ ನಂಬುವವರು ನನಗೆ ಬೇಕಾಗುತ್ತಾರೆ.

ಈ ಸಲದ ಸುತ್ತಿನಲ್ಲಿ ಕಣ್ಣಿನ ವಿಷಯ ಇವರಿಗೆ ಹೇಳಿಬಿಡಬೇಕೆಂದು ಗಟ್ಟಿ ಮನಸ್ಸು ಮಾಡಿದೆ. ಮನೆಯಲ್ಲಿ ಹೇಳಲು ಆಗುವುದಿಲ್ಲ. ಅಂಗಡಿ ಜಗುಲಿಯಲ್ಲೇ ಇರುವುದರಿಂದ ಯಾರಾದರೊಬ್ಬರು ಪಂಪು ಕೇಳಿಕೊಂಡು ಬರುತ್ತಲೇ ಇರುತ್ತಾರೆ. ಸೈಕಲ್ ಮೇಲಾದರೆ ನಾವಿಬ್ಬರೇ. ನಾನು ಮುಂದೆ, ಅವರು ಹಿಂದೆ, ಅವರ ಮುಖ ನೋಡಿಕೊಂಡು ಹೇಳುವ ಕಷ್ಟವಿಲ್ಲ. ಆ ಮುಖವೂ ಈಗ ನನಗೆ ಸರಿಯಾಗಿ ಕಾಣುವುದಿಲ್ಲ, ಅದು ಬೇರೆ ಮಾತು.

ಹೊರಡುವ ಮುಂಚೆಯೇ ಇದು ತಪ್ಪು ಎಂದು ಗೊತ್ತಿತ್ತು. ನೋಡಲಾಗದವಳು ನೋಡಲಾಗದವರನ್ನು ಕೂರಿಸಿಕೊಂಡು ರಸ್ತೆಗೆ ಇಳಿಯುವುದೆಂದರೇನು? ಆದರೆ ಒಂದು ವರ್ಷದಿಂದ ವಾರಕ್ಕೊಮ್ಮೆ ಮಾರುಕಟ್ಟೆಗೆ ಹಾಗೆಯೇ ಕರೆದುಕೊಂಡು ಹೋಗಿ ಬರುತ್ತಿದ್ದೆ. ತಲೆಯನ್ನು ಸ್ವಲ್ಪ ಎಡಕ್ಕೆ ತಿರುಗಿಸಿ ಓರೆಗಣ್ಣಲ್ಲಿ ನೋಡಿದರೆ ರಸ್ತೆಯ ಅಂಚಿನ ಬಿಳಿ ಗೆರೆ ಕಾಣುತ್ತದೆ. ಅದನ್ನು ಹಿಡಿದುಕೊಂಡು ಹೋಗುತ್ತೇನೆ. ಲಾರಿಯನ್ನು ಕಿವಿಯಿಂದ ಗುರುತಿಸುತ್ತೇನೆ. ನನ್ನ ಧೈರ್ಯ ನೋಡಿ ನನಗೇ ಹೇಸಿಗೆಯಾಗುತ್ತದೆ.

ಹೋದ ವಾರದ ಶನಿವಾರ, ಒಂಬತ್ತನೇ ತಾರೀಕು, ಬೆಳಿಗ್ಗೆ ಆರೂವರೆಗೆ ಹೊರಟೆವು. ಇವರು ಹೊಸ ಅಂಗಿ ಹಾಕಿಕೊಂಡು, ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡು, ಮದುವೆ ಗಂಡಿನ ಹಾಗೆ ಸೀಟು ಹತ್ತಿದರು. ಗೇಟಿನ ಹತ್ತಿರ ಚಹಾ ಕುಡಿದು ಹೇಳೋಣ ಎಂದುಕೊಂಡೆ. ಚಹಾದವನು ಇವರನ್ನು ಕಂಡ ಕೂಡಲೇ, “ಏನ್ ಸಾರ್, ಈ ಸಲಾನೂ ಡ್ರೈವರ್ ಬದಲಾಯಿಸಿಲ್ವಾ?” ಎಂದ. ಇವರು, “ಬೇರೆ ಯಾರೂ ಈ ಸಂಬಳಕ್ಕೆ ಒಪ್ಪಲ್ಲಪ್ಪ,” ಎಂದರು. ಬಿಸಿ ಬನ್ನು ಮುರಿದು ಚಹಾದಲ್ಲಿ ಅದ್ದಿ ತಿನ್ನುತ್ತಾ, ಅಂಗಡಿಯ ಮುಂದಿನ ಸಾಲಿನಲ್ಲಿ ಯಾವ ಮರಗಳಿವೆ, ಈ ವರ್ಷ ಯಾವುದನ್ನು ಕಡಿದಿದ್ದಾರೆ ಎಂದು ಕೇಳಿದರು. ಓರೆಯಾಗಿ ನೋಡಿ ಒಂದೊಂದನ್ನೇ ಹೆಕ್ಕಿ ಹೇಳಿದೆ. ಒಂದೂ ತಪ್ಪಲಿಲ್ಲ. ಅಷ್ಟು ಸಂತೋಷವಾಗಿದ್ದವರಿಗೆ ಖಾಲಿ ಲೋಟ ಕೆಳಗಿಡುವ ಮೊದಲೇ ಅದನ್ನು ಹೇಳುವುದು ಹೇಗೆ? ತೋಟದಲ್ಲಿ ಹೇಳೋಣ ಎಂದು ಮುಂದಕ್ಕೆ ಹಾಕಿದೆ.

ದಾರಿಯಲ್ಲಿ ಎರಡು ಸಲ ಸೈಕಲ್ಲು ಅಂಚು ಬಿಟ್ಟು ಮಣ್ಣಿಗೆ ಇಳಿಯಿತು. “ಯಾಕೆ ಹಾವಿನ ಥರ ಹೋಗ್ತಿದೆ?” ಎಂದು ಕೇಳಿದರು. “ಮುಂದಿನ ಚಕ್ರ ಡೊಂಕಾಗಿದೆ ಅನ್ಸುತ್ತೆ,” ಎಂದುಬಿಟ್ಟೆ. ಹಿಂದಿನ ದಿನ ಸಂಜೆಯೆಲ್ಲಾ ಇವರು ಕೂತು ಕೂದಲೆಳೆಯಷ್ಟೂ ಡೊಂಕಿಲ್ಲದಂತೆ ಮಾಡಿದ್ದ ಚಕ್ರ ಅದು. ಒಂದು ಮೈಲಿ ತುಳಿದ ಮೇಲೆ ಇವರು, “ನನ್ನ ಚಕ್ರಕ್ಕೆ ಹೆಸರಿಡೋ ಹಂಗಾಯ್ತು ಮೇಷ್ಟ್ರಮ್ಮ,” ಎಂದು ನಕ್ಕರು. ನಾನೂ ನಕ್ಕೆ.

ದ್ರಾಕ್ಷಿ ತೋಟದಾಕೆ ಒಳ್ಳೆಯ ಹೆಂಗಸು. ಚಪ್ಪರದ ಕೆಳಗೆ ಬೆಂಚು ಹಾಕಿ, ನಮ್ಮೆದುರೇ ಹಣ್ಣು ಹಿಂಡಿ, ದೊಡ್ಡ ಗಾಜಿನ ಲೋಟದಲ್ಲಿ ಕೊಡುತ್ತಾಳೆ. ಇವರು ಮೊದಲ ಗುಟುಕಿಗೇ, “ಈ ವರ್ಷ ಸಿಹಿ ಕಮ್ಮಿ, ಮೋಡ ಜಾಸ್ತಿ ಇತ್ತಲ್ವಾ?” ಎಂದರು. ಆಕೆ ಹೌದೆಂದಳು. ಆಮೇಲೆ ನನ್ನ ಹತ್ತಿರ ಬಂದು ಕೂತು ತಗ್ಗಿದ ದನಿಯಲ್ಲಿ, “ಅಕ್ಕಾ, ನನ್ ಮೇಲೆ ಬೇಜಾರೇನಾದ್ರೂ ಇದೆಯಾ? ಬಾಗಿಲಲ್ಲಿ ನಗ್ತಾ ನಿಂತಿದ್ದೆ, ನೀವು ನೋಡಿಯೂ ನೋಡದ ಹಾಗೆ ಬಂದ್ರಿ,” ಎಂದಳು. ನನಗೆ ಆಕೆಯ ನಗು ಕಂಡಿರಲಿಲ್ಲ. ಬಿಸಿಲಿಗೆ ಕಣ್ಣು ಕತ್ತಲಿಟ್ಟಿತು ಎಂದು ತೇಲಿಸಿದೆ. ಇವರ ಕಿವಿ ಗೊತ್ತಲ್ಲ, ಆ ಕಡೆ ತಿರುಗಿದ್ದರೂ ಎಲ್ಲವನ್ನೂ ಕೇಳಿಸಿಕೊಂಡಿದ್ದರು. “ಏನಂತೆ?” ಎಂದರು. ಈಗ ಹೇಳು ಎಂದು ನನ್ನ ಒಳಗೇ ಯಾರೋ ನೂಕಿದ ಹಾಗಾಯಿತು. “ಏನಿಲ್ಲ, ಹೆಂಗಸರ ಮಾತು,” ಎಂದೆ.

ತೋಟದಿಂದ ಕೆರೆಗೆ ಐದು ಕಿಲೋಮೀಟರು, ಬಹುಪಾಲು ಇಳಿಜಾರು. ಇವರಿಗೆ ಈ ಸುತ್ತಿನಲ್ಲೆಲ್ಲ ಕೆರೆಯೇ ಮುಖ್ಯ. ಏರಿಯ ಮೇಲೆ ನಿಲ್ಲಿಸಿ, ಒಂದು ಕಾಲು ನೆಲಕ್ಕೆ ಕೊಟ್ಟು, ನಾನು ಕೆರೆ ಓದಬೇಕು. ನೀರು ಎಲ್ಲಿಯವರೆಗಿದೆ, ಯಾವ ಬಣ್ಣ, ಆಚೆ ದಡದಲ್ಲಿ ಏನಿದೆ, ಬೆಳ್ಳಕ್ಕಿ ಎಷ್ಟು. ಬೆಳ್ಳಕ್ಕಿಗಳ ಲೆಕ್ಕ ಇವರಿಗೆ ವರ್ಷವರ್ಷದ್ದೂ ಬಾಯಿಪಾಠ.

ಏರಿಯ ಮೇಲೆ ನಿಂತೆವು. “ಓದು,” ಎಂದರು.

ನಾನು ನೋಡಿದೆ. ಎದುರಿಗೆ ಬರೀ ಬೆಳ್ಳಗಿನ ಬೆಳಕು. ನಡುವೆ ನನ್ನ ಬೂದು ಕಲೆ. ಅತ್ತ ಓರೆ ಮಾಡಿದರೂ ಬಿಳುಪು, ಇತ್ತ ಓರೆ ಮಾಡಿದರೂ ಬಿಳುಪು. ಹಿಂದಿನ ವರ್ಷಗಳಲ್ಲಿ ಬೆಳಗಿನ ಬಿಸಿಲಿಗೆ ನೀರು ಹೀಗೇ ಬಿಳಿಚಿಕೊಂಡು ಹೊಳೆಯುತ್ತಿತ್ತು. ಅಲ್ಲಿ ನಾನು ಅಂಚಿನಲ್ಲಿ ಪ್ರಶ್ನೆ ಚಿಹ್ನೆ ಹಾಕಿ ಸುಮ್ಮನಿರಬೇಕಿತ್ತು. ಕಾಣುತ್ತಿಲ್ಲ ಎಂದು ಒಂದೇ ಒಂದು ಪದ ಹೇಳಬೇಕಿತ್ತು. ಹೇಳಲು ಬಂದದ್ದೂ ಅದನ್ನೇ ತಾನೇ. “ನೀರು ಕಲ್ಲಿನ ಮೆಟ್ಟಿಲವರೆಗೆ ಬಂದಿದೆ,” ಎಂದೆ. “ಆಚೆ ದಡ ಹಸಿರಾಗಿದೆ. ಬೆಳ್ಳಕ್ಕಿ ಏಳು.”

ಆ ಏಳು ಯಾಕೆ ಬಾಯಿಗೆ ಬಂತೋ ಗೊತ್ತಿಲ್ಲ. ಹೋದ ವರ್ಷ ಆರಿದ್ದವು, ಒಂದು ಹೆಚ್ಚಿರಲಿ ಎನಿಸಿರಬೇಕು.

ಇವರು ಮೂಗಿನಿಂದ ಎರಡು ಸಲ ಗಾಳಿ ಎಳೆದುಕೊಂಡರು. ಸೈಕಲ್ಲಿನಿಂದ ಇಳಿದು, ಕೋಲು ತೆಗೆದುಕೊಂಡು, ಮೆಟ್ಟಿಲ ಕಡೆ ಹೊರಟರು. “ರೀ, ನೀರಿದೆ, ಹೋಗ್ಬೇಡಿ,” ಎಂದು ಕೂಗಿದೆ. ಅವರು ನಿಲ್ಲಲಿಲ್ಲ. ಒಂದೊಂದೇ ಮೆಟ್ಟಿಲು ಎಣಿಸಿಕೊಂಡು ಇಳಿದು, ಕೊನೆಯ ಮೆಟ್ಟಿಲನ್ನೂ ದಾಟಿ, ನಾನು ನೀರು ಎಂದು ಓದಿದ ಜಾಗದೊಳಕ್ಕೆ ನಡೆದರು. ಅವರ ಚಪ್ಪಲಿಯ ಕೆಳಗೆ ಒಣಗಿದ ಮಣ್ಣಿನ ಹೆಂಟೆ ಪಟಪಟನೆ ಒಡೆಯುವ ಸದ್ದು ಕೇಳಿಸಿತು. ನಲವತ್ತು ಐವತ್ತು ಹೆಜ್ಜೆ ಹೋಗಿ ಕೆರೆಯ ಅಂಗಳದಲ್ಲಿ ನಿಂತರು. ಏರಿ ರಿಪೇರಿಗೆಂದು ಮೂರು ತಿಂಗಳ ಹಿಂದೆಯೇ ನೀರೆಲ್ಲ ಹೊರಬಿಟ್ಟಿದ್ದರಂತೆ. ನನಗೆ ಆಮೇಲೆ ಗೊತ್ತಾಯಿತು.

ಅಲ್ಲಿಂದಲೇ ಕೇಳಿದರು, ದನಿ ಏರಿಸದೆ. “ಎಷ್ಟು ವರ್ಷದಿಂದ ಹೀಗೆ?”

ಗುಬ್ಬಿ, ಆ ಗಳಿಗೆಯನ್ನು ಈ ಎಂಟು ದಿನದಲ್ಲಿ ನೂರು ಸಲ ತಿರುವಿ ಹಾಕಿದ್ದೇನೆ. ಕಣ್ಣು ಹೋಗಿದೆ ಎಂದಿದ್ದರೆ ಮುಗಿಯುತ್ತಿತ್ತು. ಆದರೆ ಹಾಗೆಂದರೆ ಅವರ ಮುಂದಿನ ಪ್ರಶ್ನೆ ಯಾವಾಗಿನಿಂದ ಎಂದು. ಒಂದು ವರ್ಷದಿಂದ ಎನ್ನಬೇಕು. ಒಂದು ವರ್ಷದಿಂದ ಇವರನ್ನು ಲಾರಿಗಳ ನಡುವೆ ಕುರುಡುಕುರುಡಾಗಿ ಹೊತ್ತು ತಿರುಗಿದ್ದೇನೆ ಎಂದು ಒಪ್ಪಬೇಕು. ಅವರು ಹಿಂದೆ ಕೂತು ಹಾಡು ಗುನುಗುತ್ತಿದ್ದರು. ನನ್ನ ಬೆನ್ನನ್ನು ಅಷ್ಟು ನಂಬಿದ್ದರು. ಜೊತೆಗೆ, ಮನೆಯಲ್ಲಿ ಒಬ್ಬರಿಗಾದರೂ ಕಣ್ಣಿದೆ ಎನ್ನುವ ಧೈರ್ಯದ ಮೇಲೆ ತಾನೇ ಅವರು ಆ ಅಂಗಡಿ, ಆ ಒಲೆ, ಆ ಬೀದಿ ಎಲ್ಲ ನಡೆಸಿಕೊಂಡು ಬಂದದ್ದು? ಆ ಧೈರ್ಯ ಕಿತ್ತುಕೊಳ್ಳುವುದಕ್ಕಿಂತ ಸುಳ್ಳಿ ಎನ್ನಿಸಿಕೊಳ್ಳುವುದು ಸುಲಭ ಎಂದು ಆ ಹೊತ್ತಿಗೆ ಕಂಡಿತು.

“ಬಹಳ ವರ್ಷದಿಂದ,” ಎಂದೆ. “ನಿಮಗೆ ಖುಷಿಯಾಗ್ಲಿ ಅಂತ ಒಂದೊಂದು ಸೇರಿಸ್ತಿದ್ದೆ.”

ಅವರು ವಾಪಸು ಬಂದು ಸೀಟು ಹತ್ತಿ ಕೂತರು. “ಸರಿ,” ಎಂದರು.

ರೊಟ್ಟಿ ಒಲೆಯ ಮನೆಯಲ್ಲಿ ಊಟಕ್ಕೆ ಕೂತಾಗ ಬಿಸಿ ರೊಟ್ಟಿ, ಸೊಪ್ಪಿನ ಸಾರು, ಬೇಯಿಸಿದ ಮೊಟ್ಟೆ. ಪ್ರತಿವರ್ಷ ಇವರು ಮೂರು ರೊಟ್ಟಿ ತಿಂದು ನಾಲ್ಕನೆಯದಕ್ಕೆ ನನ್ನ ತಟ್ಟೆಗೆ ಕೈ ಹಾಕುತ್ತಾರೆ. ಈ ಸಲ ಒಂದನ್ನೇ ಚೂರು ಮಾಡುತ್ತಾ ಕೂತರು. ಆಮೇಲೆ ಒಲೆಯ ಮುಂದಿದ್ದ ಅಜ್ಜಿಯನ್ನು ಕರೆದರು.

“ಅಜ್ಜಿ, ನಿಮ್ಮ ಮನೆ ಗೋಡೆ ಯಾವ ಬಣ್ಣ?”

“ನೀಲಿ ಕಣಪ್ಪ. ಯಾಕೆ?”

“ಸುಮ್ನೆ. ಬಾಗಿಲ ಪಕ್ಕ ಕಿವಿ ಹರಿದ ಬೆಕ್ಕೊಂದು ಮಲಗಿರುತ್ತಂತಲ್ಲ?”

“ಯಾವ ಬೆಕ್ಕಪ್ಪ? ನಮ್ಮನೇಲಿ ಬೆಕ್ಕೇ ಇಲ್ಲ.”

ಬೆಕ್ಕಿತ್ತು, ಗುಬ್ಬಿ. ಎರಡು ವರ್ಷದ ಹಿಂದೆ ಬಿಸಿಲಲ್ಲಿ ಕಾಲು ಚಾಚಿ ಮಲಗಿತ್ತು, ಎಡಗಿವಿ ಹರಿದಿತ್ತು. ಪಕ್ಕದ ಮನೆಯದೋ ಬೀದಿಯದೋ ನನಗೇನು ಗೊತ್ತು? “ಅಜ್ಜಿ, ಎರಡು ವರ್ಷದ ಹಿಂದೆ ಒಂದಿತ್ತಲ್ಲ, ನೆನಪು ಮಾಡ್ಕೊಳ್ಳಿ,” ಎಂದೆ. ಮುದುಕಿ ಪಾಪ, ನನ್ನ ದನಿಗೆ ಹೆದರಿ, “ಇದ್ರೂ ಇರಬಹುದಮ್ಮ, ನೀನು ಹೇಳಿದ ಮೇಲೆ,” ಎಂದಳು. ಅದಕ್ಕಿಂತ ಆಕೆ ಸುಮ್ಮನಿದ್ದಿದ್ದರೆ ಚೆನ್ನಾಗಿತ್ತು. ಇವರು ಕೈ ತೊಳೆಯಲು ಎದ್ದರು.

ಆ ಊಟದ ಮನೆಯಿಂದ ನಮ್ಮ ಮನೆಗೆ ಹದಿನೇಳು ಕಿಲೋಮೀಟರು. ಅಷ್ಟೂ ದೂರ ಅವರು ಒಂದು ಸಲವೂ ‘ಓದು’ ಎನ್ನಲಿಲ್ಲ. ಸಾಸಿವೆ ಹೊಲದ ವಾಸನೆ ಬಂತು, ಇಟ್ಟಿಗೆ ಸುಡುವ ವಾಸನೆ ಬಂತು, ಯಾರೋ ಮಕ್ಕಳು ಜೋಡಿ ಸೈಕಲ್ಲು ಕಂಡು ಕೂಗುತ್ತಾ ಹಿಂದೆ ಓಡಿ ಬಂದರು. ಪೆಡಲು ಮಾತ್ರ ಸಮನಾಗಿ ತುಳಿಯುತ್ತಿದ್ದರು. ಈಗಲಾದರೂ ಹೇಳು, ಸೈಕಲ್ ನಿಲ್ಲಿಸಿ ಹೇಳು ಎಂದು ಒಂದೊಂದು ಕಲ್ಲುಕಂಬಕ್ಕೂ ನನಗೆ ನಾನೇ ಹೇಳಿಕೊಂಡೆ. ಆದರೆ ಈಗ ಕಣ್ಣಿಲ್ಲ ಎಂದರೆ ಅದೂ ಒಂದು ನೆಪ, ಸಿಕ್ಕಿಬಿದ್ದ ಮೇಲೆ ಕಟ್ಟಿದ ಹೊಸ ಕತೆ ಎಂದುಕೊಂಡರೆ? ನನ್ನ ಬಾಯಿಗೆ ನಾನೇ ಬೀಗ ಹಾಕಿ ಬೀಗದ ಕೈಯನ್ನು ಕೆರೆಗೆ ಎಸೆದು ಬಂದಿದ್ದೆ. ಅತ್ತದ್ದು ಅವರಿಗೆ ತಿಳಿಯದಿರಲೆಂದು ಮೂಗು ಸೀಟಲಿಲ್ಲ.

ಮನೆ ಮುಟ್ಟಿದ ಮೇಲೆ ಸೈಕಲ್ಲನ್ನು ಬಟ್ಟೆಯಿಂದ ಒರೆಸಿ ಗೋಡೆಗೆ ಒರಗಿಸಿದರು. ಮುಂದಿನ ಚಕ್ರವನ್ನು ಎತ್ತಿ ತಿರುಗಿಸಿ, ಬೆರಳು ಹಿಡಿದು ನೋಡಿದರು. ಡೊಂಕಿರಲಿಲ್ಲ.

ಈ ಎಂಟು ದಿನ ಹೇಗೆ ಕಳೆಯಿತೆಂದು ಏನು ಹೇಳಲಿ. ಸಿಟ್ಟು ಮಾಡುವವರಾಗಿದ್ದರೆ ವಾಸಿಯಿತ್ತು. ಊಟಕ್ಕೆ ಕರೆದರೆ ಬರುತ್ತಾರೆ, ಉಪ್ಪು ಸಾಕೇ ಎಂದರೆ ಸಾಕು ಎನ್ನುತ್ತಾರೆ. ಬೆಳಿಗ್ಗೆ ಪೇಪರು ಓದುತ್ತೇನೆ ಎಂದರೆ, “ಬೇಡ, ರೇಡಿಯೋದಲ್ಲಿ ಕೇಳಿದೆ,” ಎನ್ನುತ್ತಾರೆ. ನಾನು ಓದುತ್ತಿದ್ದದ್ದೂ ದಪ್ಪಕ್ಷರದ ತಲೆಬರಹ ಮಾತ್ರ, ಅದೂ ಭೂತಗನ್ನಡಿ ಹಿಡಿದು. ಮೊನ್ನೆ ಔಷಧಿಯ ಡಬ್ಬಿಯನ್ನು ತಗೊಂಡು ಪಕ್ಕದ ದರ್ಜಿಯ ಹತ್ತಿರ ಹೋಗಿ, ಇದರ ಮೇಲೆ ಏನಂತ ಬರೆದಿದೆ ಎಂದು ಕೇಳಿಕೊಂಡು ಬಂದರು. ನಾನು ಬಾಗಿಲಲ್ಲೇ ನಿಂತಿದ್ದೆ. ಮೂವತ್ತೆರಡು ವರ್ಷ ಆ ಮನುಷ್ಯನಿಗೆ ನಾನೇ ಕಣ್ಣು, ಈಗ ದರ್ಜಿಯ ಮಾತು ನನ್ನ ಮಾತಿಗಿಂತ ಹೆಚ್ಚಾಯಿತು. ಮುಂದಿನ ವರ್ಷ ಫೆಬ್ರವರಿಯಲ್ಲಿ ನಾವು ಎಲ್ಲಿಗೂ ಹೋಗುವುದಿಲ್ಲ. ಅವರಿಗೆ ಬೇಡವಾಗಿದೆ, ನನಗೆ ಆಗುವುದಿಲ್ಲ.

ಇಷ್ಟು ಬರೆಯಲು ಎರಡು ಮಧ್ಯಾಹ್ನ ಹಿಡಿಯಿತು. ಕೈ ಸೋತಿದೆ. ಇದನ್ನು ಮಡಚಿ ಲಕೋಟೆಗೆ ಹಾಕಿ, ದರ್ಜಿಯಿಂದ ವಿಳಾಸ ಬರೆಸುತ್ತೇನೆ. ನಿನ್ನ ಮೊಣಕಾಲಿನ ಆಪರೇಷನ್ ಚೆನ್ನಾಗಿ ಆಯಿತೆಂದು ಓದಿ ನೆಮ್ಮದಿಯಾಯಿತು; ಅದನ್ನು ಅಕ್ಷರ ಅಕ್ಷರ ಹಿಡಿದು ಓದಲು ಮೂರು ದಿನ ತೆಗೆದುಕೊಂಡೆ. ಮೆಟ್ಟಿಲು ಹತ್ತುವ ಹುಚ್ಚು ಸಾಹಸ ಸದ್ಯಕ್ಕೆ ಬೇಡ. ಹಟಮಾರಿ ನೀನು, ಸೊಸೆಯ ಮಾತು ಕೇಳು. ಮಗನಿಗೂ ಸೊಸೆಗೂ ನನ್ನ ತುಂಬು ಹರಕೆ. ನಿನ್ನ ಮನೆಯ ಎಲ್ಲರ ಕಣ್ಣೂ ಕೈಕಾಲೂ ನೂರು ವರ್ಷ ಗಟ್ಟಿಯಾಗಿರಲಿ.

ನಿನ್ನ,
ಉದ್ದಕ್ಕ

ಮರೆತದ್ದು: ಮರೆತಿರಲಿಲ್ಲ, ಬರೆಯಲು ಧೈರ್ಯ ಸಾಲದೆ ಸಹಿ ಹಾಕಿಬಿಟ್ಟಿದ್ದೆ.

ಕೆರೆಯಿಂದ ಬಂದ ಮರುದಿನ ಸಂಜೆ ಕಾಫಿ ಕೊಡಲು ಹೋದಾಗ ಇವರು ಲೋಟ ಹಿಡಿದುಕೊಂಡು, “ಮಗು ಮುಖದ ವಿಷಯಾನೂ ಸೇರಿಸಿದ್ದೇನಾ?” ಎಂದು ಕೇಳಿದರು.

ನಿನಗೆ ನೆನಪಿದೆಯಲ್ಲ. ಆಸಿಡ್ ಸಿಡಿದ ಆರನೇ ವಾರಕ್ಕೆ ಅವಳು ಹುಟ್ಟಿದಳು, ದಿನ ತುಂಬುವ ಮೊದಲೇ. ಇವರು ಅದೇ ಆಸ್ಪತ್ರೆಯ ಕೆಳಗಿನ ಮಹಡಿಯಲ್ಲಿದ್ದರು. ಕಣ್ಣಿಗೆ ಪಟ್ಟಿ, ಎರಡು ಕೈಗೂ ಮೊಣಕೈವರೆಗೆ ಪಟ್ಟಿ. ಮಗುವನ್ನು ತೊಡೆಯ ಮೇಲೆ ಇಟ್ಟರೂ ಮುಟ್ಟಿ ನೋಡಲು ಬೆರಳಿಲ್ಲ. “ಹೇಗಿದಾಳೆ ಹೇಳು,” ಎಂದರು. ನಾನು ಹಣೆಯಿಂದ ಶುರು ಮಾಡಿ ಗಲ್ಲದವರೆಗೆ ಹೇಳಿದೆ. ಅವಳು ಬದುಕಿದ್ದ ಹನ್ನೊಂದು ದಿನವೂ ಹೇಳಿದೆ. ಅವಳು ಹೋದ ಮೇಲೂ ಅವರು ಕೇಳಿದಾಗೆಲ್ಲ ಹೇಳಿದೆ. ಫೋಟೋ ತೆಗೆಸಿರಲಿಲ್ಲ. ಅವರ ಹತ್ತಿರ ಇರುವ ಮಗಳೆಂದರೆ ನನ್ನ ಆ ಮಾತುಗಳಷ್ಟೇ.

“ಇಲ್ಲ ರೀ, ಅದರಲ್ಲಿ ಒಂದಕ್ಷರಾನೂ ಸೇರಿಸಿಲ್ಲ,” ಎಂದೆ. ಅವರು, “ಸರಿ,” ಎಂದರು.

ಅವಳನ್ನು ನೋಡಿದ ನನ್ನಮ್ಮ ಇಲ್ಲ, ಆ ವಾರ್ಡಿನ ದೊಡ್ಡ ಡಾಕ್ಟರೂ ಇಲ್ಲ. ಡ್ಯೂಟಿ ನರ್ಸಾಗಿ ದಿನಾ ಅವಳಿಗೆ ಮೈ ಒರೆಸಿದವಳು ನೀನೊಬ್ಬಳೇ ಉಳಿದಿದ್ದೀಯ. ಪತ್ರ ಬರೆಯಬೇಡ, ಅದನ್ನು ಅವರಿಗೆ ನಾನೇ ಓದಬೇಕು, ಅವರು ನಂಬುವುದಿಲ್ಲ. ಮೊಣಕಾಲು ಒಪ್ಪಿದ ದಿನ ಎರಡು ಬಸ್ಸು ಹತ್ತಿ ಬಾ. ಇಂಥ ಹೊತ್ತಿನಲ್ಲಿ ಕರೆಯಲು ನಾಚಿಕೆಯಾಗುತ್ತಿದೆ.

ಬಂದರೆ ಅವರ ಹತ್ತಿರ ಹೋಗುವ ಮೊದಲು ಅಡುಗೆಮನೆಗೆ ಬಂದು ನನಗೆ ಹೇಳು. ಹುಬ್ಬು ತೆಳ್ಳಗಿತ್ತು, ಕೆಳತುಟಿಯ ನಡುವೆ ಗೆರೆ ಇತ್ತು, ಎಡಗಿವಿಯ ಹಿಂದೆ ಎಳ್ಳಿನಷ್ಟು ಮಚ್ಚೆ ಇತ್ತು ಎಂದು ಇಷ್ಟು ವರ್ಷ ಹೇಳಿದ್ದೇನೆ. ಈ ವಾರವೆಲ್ಲ ಕಣ್ಣು ಮುಚ್ಚಿ ಹುಡುಕಿದೆ. ಹೇಳಿದ ಮಾತು ಒಂದೂ ಬಿಡದೆ ಬರುತ್ತದೆ, ಮಗು ಬರುತ್ತಿಲ್ಲ. ಆ ಮಚ್ಚೆ ಇತ್ತೇ, ಗುಬ್ಬಿ?